ಏಳಕ್ಕೆ ಎರಡು ಹೆಸರು

ಒಂದು ವರ್ಷದಿಂದ ನನ್ನ ಎಡ ಮಂಡಿ ನನ್ನ ಮಾತು ಕೇಳುತ್ತಿಲ್ಲ. ಪೋರೂರಿನ ನಮ್ಮ ಮನೆಗೆ ವಾರಕ್ಕೆ ಮೂರು ದಿನ ಫಿಸಿಯೋಥೆರಪಿ ಹುಡುಗಿಯೊಬ್ಬಳು ಬರುತ್ತಾಳೆ. ಕಾಲೇಜು ಮುಗಿಸಿ ಇನ್ನೂ ಎರಡು ವರ್ಷ ಆಗಿಲ್ಲ. ಮೂವತ್ತು ವರ್ಷ ಇದೇ ಕೆಲಸ ಮಾಡಿ ನಿವೃತ್ತಳಾದ ನನಗೆ ಕಾಲು ಎತ್ತುವುದು ಹೇಗೆಂದು ಅವಳು ಹೇಳಿಕೊಡುತ್ತಾಳೆ. ನಾನೂ ಬಾಯಿ ಮುಚ್ಚಿಕೊಂಡು ಎತ್ತುತ್ತೇನೆ. ಮೊದಲ ದಿನ ಮಾತ್ರ ಬಾಯಿ ಬಿಟ್ಟಿದ್ದೆ. ಗಟ್ಟಿಯಾಗಿ ಎಣಿಸಿ ಆಂಟಿ ಅಂದಳು. ನಾನು ಕಾಲೆತ್ತಿ, “ಏನ್” ಅಂದೆ.

“ಏನಾ? ಪಯಿರ್ಚಿ ಪಣ್ಣಾತ್ತಾನ್ ಮುಟ್ಟಿ ಸರಿಯಾಗುಂ, ಆಂಟಿ,” ಅಂದಳು ಹುಡುಗಿ.

ಅವಳದು ತಪ್ಪಲ್ಲ. ತಮಿಳಿನಲ್ಲಿ ‘ಏನ್’ ಅಂದರೆ ಯಾಕೆ. ಈ ಮುದುಕಿ ವ್ಯಾಯಾಮ ಯಾಕೆ ಅಂತ ತಕರಾರು ತೆಗೆಯುತ್ತಿದ್ದಾಳೆ ಎಂದುಕೊಂಡು, ಮಾಡಿದರೆ ತಾನೇ ಮಂಡಿ ಸರಿಹೋಗುವುದು ಎಂದು ಸಮಾಧಾನ ಹೇಳಿದ್ದಳು. ನಮ್ಮಮ್ಮ ಇದ್ದಿದ್ದರೆ ಅದನ್ನು ಕನ್ನಡದ ‘ಏನ್’ ಎಂದು ತಿಳಿದು, ಏನೂ ಇಲ್ಲ ಸುಮ್ಮನೆ ಕಾಲೆತ್ತು ಅನ್ನುತ್ತಿದ್ದಳು. ನಾನು ಹೇಳಿದ್ದು ಇವೆರಡೂ ಅಲ್ಲ. ನಾನು ಹೇಳಿದ್ದು ಒಂದು. ನಾರ್ವೆ ದೇಶದವರ ಒಂದು.

ನಾರ್ವೆಯನ್ನು ನಾನು ನೋಡಿಲ್ಲ. ಭೂಪಟದಲ್ಲಿ ತೋರಿಸು ಅಂದರೆ ಇವತ್ತಿಗೂ ಬೆರಳು ಸ್ವೀಡನ್ನಿಗೆ ಹೋಗುತ್ತದೆ. ಆದರೆ ಯಾರ ಕಾಲನ್ನಾದರೂ ಎತ್ತಿಸುವಾಗ, ನನ್ನದೇ ಕಾಲಾದರೂ ಸರಿ, ಬಾಯಿಗೆ ಬರುವುದು ಆ ಭಾಷೆಯ ಲೆಕ್ಕವೇ. ಅದೂ ಸರಿಯಾಗಿ ಬರುತ್ತದೆಯೇ ಅಂದರೆ, ಆ ಗೊಂದಲವನ್ನೇ ನಿಮಗೆ ಹೇಳಬೇಕೆಂದಿರುವುದು.

ಎಪ್ಪತ್ತರ ದಶಕ ಮುಗಿಯುತ್ತ ಬಂದಿತ್ತು. ಅಪ್ಪನಿಗೆ ರೈಲ್ವೆಯಲ್ಲಿ ಕೆಲಸ, ಪೆರಂಬೂರಿನಲ್ಲಿ ಮನೆ. ನಾನು ಆಗಷ್ಟೇ ರಾಯಪುರಂನಲ್ಲಿ, ಹಾರ್ಬರಿಗೆ ಹತ್ತಿರದ ಒಂದು ಸಣ್ಣ ಖಾಸಗಿ ಆಸ್ಪತ್ರೆಗೆ ಸೇರಿದ್ದೆ. ಫಿಸಿಯೋಥೆರಪಿ ಅಂದರೆ ಏನೆಂದು ಆಗ ನಮ್ಮ ಬೀದಿಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಅಮ್ಮ ಅಕ್ಕಪಕ್ಕದವರಿಗೆ, ನಮ್ಮ ವನಜ ಆಸ್ಪತ್ರೆಯಲ್ಲಿ ಡ್ರಿಲ್ ಮೇಸ್ಟ್ರು ಎಂದು ಹೇಳಿಬಿಟ್ಟಿದ್ದಳು. ಕೇಳಿದಾಗ ಸಿಟ್ಟು ಬಂದಿತ್ತು. ಆಮೇಲೆ ಯೋಚಿಸಿದರೆ ಅದಕ್ಕಿಂತ ಚೆನ್ನಾಗಿ ಹೇಳಲು ನನಗೂ ಬರಲಿಲ್ಲ.

ಹಾರ್ಬರಿನ ಹಡಗುಗಳಲ್ಲಿ ಯಾರಿಗಾದರೂ ಹುಷಾರು ತಪ್ಪಿದರೆ ನಮ್ಮಲ್ಲಿಗೆ ತರುತ್ತಿದ್ದರು. ಹಾಗೆ ಬಂದವರು ಹಾಲ್ವರ್. ನಾರ್ವೆಯ ಒಂದು ಸರಕು ಹಡಗಿನಲ್ಲಿ ಬಡಗಿ. ಅರವತ್ತರ ಹತ್ತಿರದ ವಯಸ್ಸು, ಮಂಚದ ಆಚೆಗೂ ಒಂದು ಗೇಣು ಚಾಚಿಕೊಳ್ಳುವಷ್ಟು ಎತ್ತರ. ಡೆಕ್ಕಿನ ಮೇಲೆ ಕೆಲಸ ಮಾಡುತ್ತಿದ್ದವರು ಹಾಗೇ ಕುಸಿದುಬಿದ್ದಿದ್ದರಂತೆ. ಬಲಗೈ ಬಲಗಾಲು ಎರಡೂ ಬಿದ್ದುಹೋಗಿದ್ದವು. ಮಾತೂ ಹೋಗಿತ್ತು. ಮೊದಲು ಚೆನ್ನಾಗಿ ಇಂಗ್ಲಿಷ್ ಆಡುತ್ತಿದ್ದರಂತೆ. ಈಗ ನಾವು ಇಂಗ್ಲಿಷಿನಲ್ಲಿ ಏನು ಕೇಳಿದರೂ, ಪಕ್ಕದ ಮನೆಯ ರೇಡಿಯೋ ಕೇಳಿಸಿಕೊಳ್ಳುವವರ ಹಾಗೆ ನೋಡುತ್ತಿದ್ದರು.

ನಮ್ಮ ಚೀಫ್ ಡಾಕ್ಟರು ಮೈಲಾಪುರದ ಹಳೆಯ ಮನೆತನದವರು. ಹಣೆಯ ಮೇಲೆ ಸಣ್ಣ ಶ್ರೀಚೂರ್ಣದ ಗೆರೆ, ಕೈಯಲ್ಲಿ ಸದಾ ಪೆನ್ನು. ಅವರು ಬರೆದದ್ದನ್ನು ತಪ್ಪು ಅನ್ನುವವರು ಆ ಕಟ್ಟಡದಲ್ಲಿ ಇರಲಿಲ್ಲ. ಅವರು ನನ್ನನ್ನು ಕರೆದು, ಮಾತು ಹೋದ ರೋಗಿಗಳಲ್ಲೂ ಚಿಕ್ಕಂದಿನಲ್ಲಿ ಬಾಯಿಪಾಠ ಮಾಡಿದ್ದು ಕೆಲವೊಮ್ಮೆ ಉಳಿದಿರುತ್ತದೆ, ಪ್ರಾರ್ಥನೆ, ಎಣಿಕೆ, ಇಂಥವು. ಅವನ ಭಾಷೆಯಲ್ಲೇ ಎಣಿಸುತ್ತ ವ್ಯಾಯಾಮ ಮಾಡಿಸು, ಬಾಯಿ ತಾನಾಗಿ ಜೊತೆಗೂಡಬಹುದು ಅಂದರು. ನಾರ್ವೆಯ ಭಾಷೆ ನನಗೆ ಬರುವುದಿಲ್ಲ ಸಾರ್ ಅಂದೆ. ನಂಬರ್ ತಾನೇ ಅಂದುಬಿಟ್ಟು ಮುಂದಿನ ವಾರ್ಡಿಗೆ ಹೋದರು.

ಗುರು ಸಿಕ್ಕಿದ್ದು ಅದೇ ಸಂಜೆ. ಹಾಲ್ವರ್ ಅವರನ್ನು ನೋಡಲು ಆರ್ನೆ ಎಂಬ ಹುಡುಗ ಬರುತ್ತಿದ್ದ, ಅದೇ ಹಡಗಿನ ಕಿರಿಯ ನಾವಿಕ. ಇಪ್ಪತ್ತೆರಡು ವರ್ಷವಿರಬಹುದು. ಮೂರು ಸಂಜೆ ಅವನು ವಾರ್ಡಿನ ಹೊರಗಿನ ಬೆಂಚಿನ ಮೇಲೆ ಕೂತು ಹೇಳಿದ, ನಾನು ಕನ್ನಡ ಅಕ್ಷರದಲ್ಲಿ ಬರೆದುಕೊಂಡೆ. ಏನ್, ಟೂ, ತ್ರೇ, ಫೀರೆ, ಫೆಮ್. ಇಲ್ಲಿಯವರೆಗೆ ತೊಂದರೆ ಇಲ್ಲ. ಆರನೆಯದನ್ನು ಅವನು ಹೇಳಿದಾಗ ನಾನು ಪೆನ್ನು ಎತ್ತಿದೆ. ‘ಸೆಕ್ಸ್’ ಅಂದ. ಇನ್ನೊಮ್ಮೆ ಹೇಳು ಎಂದು ಕೇಳುವುದಕ್ಕೂ ನಾಚಿಕೆ. ಬರೆಯದೆ ಆ ಜಾಗ ಖಾಲಿ ಬಿಟ್ಟೆ. ಏಳಕ್ಕೆ ಶೂ. ಎಂಟಕ್ಕೆ ಒಟ್ಟೆ; ಮಂಡ್ಯದ ಕಡೆಯ ನಮ್ಮ ಹೂವಿನವಳು ಹೊಟ್ಟೆಗೆ ಹಾಗೇ ಅನ್ನುತ್ತಿದ್ದಳು. ಒಂಬತ್ತು ನೀ, ಹತ್ತು ಟೀ. ಇಪ್ಪತ್ತಕ್ಕೆ ಶ್ಯೂಎ, ಆಮೇಲೆ ಶ್ಯೂಎ-ಏನ್, ಶ್ಯೂಎ-ಟೂ. ನಮ್ಮ ಇಪ್ಪತ್ತೊಂದು ಇಪ್ಪತ್ತೆರಡರ ಹಾಗೆಯೇ. ಸುಲಭವಾಯಿತು ಅಂದುಕೊಂಡೆ.

ಮನೆಯಲ್ಲಿ ಸೊಪ್ಪು ಬಿಡಿಸುತ್ತ ಬಾಯಿಪಾಠ ಮಾಡಿದೆ. ಆರು ಬಂದಾಗ ನುಂಗಿಕೊಳ್ಳುತ್ತಿದ್ದೆ. ಒಂದು ಸಲ ಮರೆತು ಹೇಳಿಬಿಟ್ಟೆ. ಅಮ್ಮ ಅಡುಗೆಮನೆಯಿಂದ ಸೌಟು ಹಿಡಿದುಕೊಂಡೇ ಬಂದಳು.

“ಏನೇ ಅದು, ಥೂ, ಅಸಿಂಗವಾಗಿ? ಅಪ್ಪ ಒಳಗೆ ಸಂಧ್ಯಾವಂದನೆ ಮಾಡ್ತಿದಾರೆ.”

“ಆರು ಅಮ್ಮ. ಅವರ ಭಾಷೇಲಿ ಆರು.”

“ಆರು ಅಂದ್ರೆ ಆರು ಅನ್ನಕ್ಕೆ ಅವರಿಗೇನಾಗತ್ತೆ?”

ಅಲ್ಲಿಂದ ಮುಂದೆ ಆರನ್ನು ಮನಸ್ಸಿನಲ್ಲೇ ಹೇಳಿಕೊಳ್ಳುವುದೆಂದು ತೀರ್ಮಾನಿಸಿದೆ.

ಲೆಕ್ಕದ ವಿಷಯದಲ್ಲಿ ನಮ್ಮ ಮನೆಗೆ ಈ ಗೊಂದಲ ಹೊಸದೇನಲ್ಲ. ಮನೆಯಲ್ಲಿ ಹಾಸನದ ಕನ್ನಡ, ಶಾಲೆಯಲ್ಲಿ ತಮಿಳು. ಮನೆಯ ತೊಂಬತ್ತಕ್ಕೆ ಶಾಲೆಯಲ್ಲಿ ‘ತೊಣ್ಣೂರು’ ಅನ್ನುತ್ತಿದ್ದರು. ಇನ್ನೂರು ಮುನ್ನೂರು ಕೇಳಿ ಬೆಳೆದ ನನ್ನ ಕಿವಿಗೆ ಅದು ನೂರುಗಳ ಸಾಲಿಗೇ ಸೇರಿದ್ದು. ಎರಡನೇ ಕ್ಲಾಸಿನಲ್ಲಿ ತೊಣ್ಣೂರು ದೊಡ್ಡದೋ ನೂರು ದೊಡ್ಡದೋ ಎಂದು ಟೀಚರ್ ಕೇಳಿದಾಗ, ತೊಣ್ಣೂರು ಎಂದು ಧೈರ್ಯವಾಗಿ ಹೇಳಿ ಬೆಂಚಿನ ಮೇಲೆ ನಿಂತೆ. ಅಮ್ಮ ಮರುದಿನ ಶಾಲೆಗೆ ಬಂದು, ತೊಂಬತ್ತು ಅಂತ ಕೇಳಿದ್ದಿದ್ದರೆ ನನ್ನ ಮಗಳು ಸರಿಯಾಗಿ ಹೇಳುತ್ತಿದ್ದಳು ಎಂದು ವಾದಿಸಿದಳು. ಟೀಚರಿಗೆ ಕನ್ನಡ ಬಾರದು, ಅಮ್ಮನಿಗೆ ಆಗ ತಮಿಳು ಅಷ್ಟಕ್ಕಷ್ಟೇ. ಅರ್ಧ ಗಂಟೆ ಇಬ್ಬರೂ ಒಂದೇ ಸಂಖ್ಯೆಯ ಬಗ್ಗೆ ಜಗಳವಾಡಿದರು. ನಾನು ನನ್ನ ಜಾಗದಲ್ಲಿ ಕೂತು ನೋಡುತ್ತಿದ್ದೆ, ಯಾರ ಕಡೆ ಸೇರಬೇಕೆಂದು ತಿಳಿಯದೆ.

ಹಾಲ್ವರ್ ವಿಷಯಕ್ಕೆ ಬರುತ್ತೇನೆ. ನಾಲ್ಕನೆಯ ದಿನ ಬೆಳಿಗ್ಗೆ ಅವರ ಹಡಗು ಹೊರಟುಹೋಯಿತು. ಹಡಗು ಒಬ್ಬರಿಗಾಗಿ ಕಾಯುವುದಿಲ್ಲವಂತೆ. ಹಿಂದಿನ ಸಂಜೆ ಆರ್ನೆ ಬಂದು, ಹಾಲ್ವರ್ ಅವರ ಎಡಗೈ ಹಿಡಿದುಕೊಂಡು ಸುಮಾರು ಹೊತ್ತು ಕೂತಿದ್ದು ಹೋಗಿದ್ದ. ಬೆಳಿಗ್ಗೆ ನಾನು ಹೋದಾಗ ಅವರು ಕಿಟಕಿಯ ಕಡೆ ನೋಡುತ್ತಿದ್ದರು. ಆ ಕಿಟಕಿಯಿಂದ ಸಮುದ್ರ ಕಾಣುವುದಿಲ್ಲ, ಹಾರ್ಬರಿನ ಕ್ರೇನುಗಳ ತಲೆ ಮಾತ್ರ ಕಾಣುತ್ತದೆ.

ನಾನು ಅವರ ಬಲಗಾಲು ಹಿಡಿದು ಎತ್ತುತ್ತ ಶುರುಮಾಡಿದೆ. “ಏನ್, ಟೂ, ತ್ರೇ.” ಅವರು ತಟ್ಟನೆ ತಲೆ ತಿರುಗಿಸಿದರು. ಫೀರೆ, ಫೆಮ್ ಎಂದು ಬಂದೆ. ಆಮೇಲೆ ನನ್ನ ತೀರ್ಮಾನದ ಪ್ರಕಾರ ಸುಮ್ಮನಾದೆ. ಕಾಲು ಅರ್ಧಕ್ಕೆ ನಿಂತಿದೆ, ನಾನು ಮನಸ್ಸಿನಲ್ಲಿ ಆರು ಹೇಳಿಕೊಳ್ಳುತ್ತಿದ್ದೇನೆ. ಆಗ ಮಂಚದಿಂದ ಒಂದು ದೊಡ್ಡ ದನಿ ಬಂತು.

“ಸೆಕ್ಸ್.”

ಕುಸಿದುಬಿದ್ದ ಮೇಲೆ ಹಾಲ್ವರ್ ಆಡಿದ ಮೊದಲ ಮಾತು ಅದು. ಪಕ್ಕದ ಮಂಚಗಳವರೆಲ್ಲ ತಿರುಗಿ ನೋಡಿದರು. ನೆಲ ಒರೆಸುತ್ತಿದ್ದ ಆಯಾ ಕನ್ನಿಯಮ್ಮ ಹಾಗೇ ಕೂತುಬಿಟ್ಟಳು. ಹಾಲ್ವರ್ ಅವರಿಗೇ ಆಶ್ಚರ್ಯವಾಗಿರಬೇಕು, ತಮ್ಮ ಬಾಯನ್ನು ಎಡಗೈಯಿಂದ ಮುಟ್ಟಿ ನೋಡಿಕೊಂಡರು. ನನಗೆ ಅಳು ಬಂತು. ನಾಚಿಕೆ ಎಲ್ಲಿ ಹೋಯಿತೋ ತಿಳಿಯದು. ನಾನೂ ಗಟ್ಟಿಯಾಗಿ ಅದನ್ನೇ ಹೇಳಿದೆ.

ಅಲ್ಲಿಂದ ದಿನವೂ ಇಬ್ಬರೂ ಸೇರಿ ಎಣಿಸಿದೆವು. ಬೇರೆ ಯಾವ ಮಾತೂ ಅವರಿಗೆ ಬರಲಿಲ್ಲ, ಎಣಿಕೆ ಮಾತ್ರ ಬಂತು. ಅವರು “ನೀ, ಟೀ” ಎಂದು ಹತ್ತು ಮುಗಿಸಿದಾಗಲೆಲ್ಲ ಕನ್ನಿಯಮ್ಮನಿಗೆ ಅದು, ನೀನು ಟೀ ಕುಡಿದೆಯಾ ಎಂದು ಕೇಳಿಸುತ್ತಿತ್ತು. ಇಷ್ಟು ವರ್ಷದಲ್ಲಿ ನನ್ನನ್ನು ಹಾಗೆ ಕೇಳಿದ ಮೊದಲ ಪೇಷಂಟು ಈ ತಾತಾ ಎಂದು ಅವಳು ಕರಗಿಹೋಗಿದ್ದಳು. ಅವರಿಗೂ ಒಂದು ಲೋಟ ತಂದಿಡುತ್ತಿದ್ದಳು. ದಿನಕ್ಕೆ ಎಂಟು ಲೋಟ ಟೀ ಯಾಕೆ ಆಗುತ್ತಿದೆ ಎಂದು ಅಡುಗೆಯವರು ವಿಚಾರಿಸುವವರೆಗೆ ನನಗೆ ಇದು ಗೊತ್ತಾಗಲಿಲ್ಲ.

ತೊಡಕು ಇದ್ದದ್ದು ಏಳರಲ್ಲಿ. ನಾನು ಶೂ ಅಂದರೆ ಅವರು ತಲೆಯಾಡಿಸಿ “ಸೀವ್” ಅನ್ನುತ್ತಿದ್ದರು. ತಮಿಳಿನಲ್ಲಿ ಸೀವು ಅಂದರೆ ಬಾಚು. ಕನ್ನಿಯಮ್ಮ ಬಾಚಣಿಗೆ ತಂದು ತಾತಾನ ತಲೆ ಬಾಚುತ್ತಿದ್ದಳು. ನಾನು ನೋಟ್‌ಬುಕ್ ತೆಗೆದು ನೋಡಿದೆ. ಶೂ ಎಂದೇ ಸ್ಪಷ್ಟವಾಗಿ ಬರೆದಿತ್ತು. ಮಿದುಳಿನಲ್ಲಿ ಏಳು ಇದ್ದ ಜಾಗಕ್ಕೆ ಪೆಟ್ಟು ಬಿದ್ದಿದೆ ಎಂದುಕೊಂಡೆ. ಹೊಸದಾಗಿ ಕೆಲಸಕ್ಕೆ ಸೇರಿದವಳ ಹುರುಪು ನೋಡಿ, ದಿನವೂ ತಿದ್ದಿದೆ. ಅವರು ಸೀವ್ ಅಂದಾಗಲೆಲ್ಲ ಬೆರಳು ಆಡಿಸಿ, ಅಲ್ಲ, ಶೂ ಎಂದು ಹೇಳಿಕೊಟ್ಟೆ. ಅರವತ್ತು ವರ್ಷದ ನಾರ್ವೆಯ ಬಡಗಿಗೆ, ಪೆರಂಬೂರಿನ ನಾನು, ನಾರ್ವೆಯ ಏಳನ್ನು.

ಇಪ್ಪತ್ತು ದಾಟಿದ ಮೇಲಂತೂ ಪೂರ್ತಿ ಎಡವಟ್ಟು. ನನ್ನ ಶ್ಯೂಎ ಅವರ ಬಾಯಲ್ಲಿ ‘ಟೀವೆ’ ಆಗುತ್ತಿತ್ತು. ಆಮೇಲೆ “ಏನೋ ಟೀವೆ, ಟೂವೋ ಟೀವೆ, ತ್ರೇವೋ ಟೀವೆ” ಎಂದು ಸಾಗುತ್ತಿತ್ತು. ಒಂದನ್ನೂ ಎರಡನ್ನೂ ಮುಂದಕ್ಕೆ ತಂದು ಇಪ್ಪತ್ತನ್ನು ಹಿಂದಕ್ಕೆ ತಳ್ಳುತ್ತಿದ್ದಾರೆ. ಏನೋ ಅನ್ನುತ್ತಾರೆ ಪಾಪ ಎಂದುಕೊಂಡು ನಾನು ಇನ್ನಷ್ಟು ತಿದ್ದಿದೆ. ಅವರು ಮುಖ ಕೆಂಪಗೆ ಮಾಡಿಕೊಂಡು ಇನ್ನಷ್ಟು ಗಟ್ಟಿಯಾಗಿ ಅದನ್ನೇ ಹೇಳಿದರು.

ವಾರದ ಕೊನೆಗೆ ಚೀಫ್ ಕೇಳಿದಾಗ ಇದ್ದದ್ದನ್ನು ಇದ್ದ ಹಾಗೆ ಒಪ್ಪಿಸಿದೆ: ಆರರವರೆಗೆ ಸರಿ, ಏಳರಲ್ಲಿ ತಪ್ಪುತ್ತಾರೆ, ಇಪ್ಪತ್ತರ ಮೇಲೆ ಹಿಂದುಮುಂದಾಗುತ್ತದೆ, ತಿದ್ದಿದರೆ ರೇಗುತ್ತಾರೆ. ಚೀಫ್ ಯೋಚಿಸಿ ಕೇಸ್ ಶೀಟಿನಲ್ಲಿ ‘ಕನ್‌ಫ್ಯೂಸ್ಡ್’ ಎಂದು ಬರೆದು ಅಡಿಗೆರೆ ಎಳೆದರು.

ಒಂದು ಮಾತು ಕಾಗದಕ್ಕೆ ಬಿದ್ದರೆ ಏನೇನು ಆಗಬಹುದೆಂದು ನನಗೆ ಆಗ ತಿಳಿಯದು. ಮಧ್ಯಾಹ್ನಕ್ಕೆ ಅವರ ಮಂಚಕ್ಕೆ ಕಂಬಿ ಹಾಕಿದರು. ಮಂಪರಿನ ಮಾತ್ರೆ ಶುರುವಾಯಿತು. ಅವರು ಸಿಟ್ಟಿನಲ್ಲಿ ಡ್ರಿಪ್ಪಿನ ಟ್ಯೂಬು ಕಿತ್ತರೆಂದು ಕೈಯನ್ನು ಬಟ್ಟೆಯಿಂದ ಕಂಬಿಗೆ ಕಟ್ಟಿದರು. ಯಾವ ಕೈ? ಆಡುತ್ತಿದ್ದ ಆ ಒಂದೇ ಕೈ. ವಿಮಾನದಲ್ಲಿ ಊರಿಗೆ ಕಳಿಸಬೇಕೆಂದು ಹಡಗಿನ ಏಜೆಂಟರು ಕಾಗದಪತ್ರ ತಯಾರಿಸುತ್ತಿದ್ದರು. ಬುದ್ಧಿ ಸ್ಥಿಮಿತದಲ್ಲಿಲ್ಲದವರನ್ನು ಹೀಗೆ ಕಳಿಸುವುದಕ್ಕಾಗುವುದಿಲ್ಲ ಎಂದು ಚೀಫ್ ಅದನ್ನೂ ನಿಲ್ಲಿಸಿದರು. ಮರುದಿನ ನಾನು ಹೋಗಿ ‘ಏನ್’ ಅಂದಾಗ ಹಾಲ್ವರ್ ಗೋಡೆಯ ಕಡೆಗೆ ಮುಖ ತಿರುಗಿಸಿದರು. ಟೂ ಅಂದೆ. ತ್ರೇ ಅಂದೆ. ಹತ್ತರವರೆಗೂ ನಾನೊಬ್ಬಳೇ ಹೇಳಿದೆ. ಐದು ದಿನ ಹಾಗೇ ಆಯಿತು. ಕನ್ನಿಯಮ್ಮ ಟೀ ಲೋಟ ಹಿಡಿದುಕೊಂಡು ಬಾಗಿಲಲ್ಲಿ ನಿಂತಿರುತ್ತಿದ್ದಳು. ನೀ ಟೀ ಎಂದು ಹೇಳುವವರಿರಲಿಲ್ಲ.

ಆರನೆಯ ದಿನ ಮಧ್ಯಾಹ್ನ ಏಜೆಂಟರ ಆಫೀಸಿನವರು ಒಬ್ಬ ಕ್ಯಾಪ್ಟನ್ನನ್ನು ಕರೆತಂದರು. ಇನ್ನೊಂದು ನಾರ್ವೆ ಹಡಗಿನವರು, ನೆರೆತ ಗಡ್ಡ, ಹಾಲ್ವರ್ ವಯಸ್ಸೇ ಇರಬೇಕು. ಮಂಚದ ಪಕ್ಕ ಕೂತು ತಮ್ಮ ಭಾಷೆಯಲ್ಲಿ ಮೆಲ್ಲಗೆ ಏನೇನೋ ಮಾತಾಡಿದರು. ಹಾಲ್ವರ್ ತಿರುಗಲಿಲ್ಲ. ಕ್ಯಾಪ್ಟನ್ ನನ್ನನ್ನು, ಏನು ಎಣಿಸುತ್ತೀರಿ ಎಂದು ಇಂಗ್ಲಿಷಿನಲ್ಲಿ ಕೇಳಿದರು. ನಾನು ಪರೀಕ್ಷೆಗೆ ನಿಂತವಳಂತೆ ನೆಟ್ಟಗೆ ನಿಂತು ಇಪ್ಪತ್ತೈದರವರೆಗೆ ಒಪ್ಪಿಸಿದೆ, ಆರನ್ನೂ ಬಿಡದೆ. ತುಂಬ ಚೆನ್ನಾಗಿ ಹೇಳುತ್ತೀರಿ, ನನ್ನ ಮಗಳ ಹಾಗೇ ಅಂದರು. ಆಗ ಗೋಡೆಯ ಕಡೆಯಿಂದ, ಯಾರಿಗೂ ಅಲ್ಲವೆಂಬಂತೆ, ಹಾಲ್ವರ್ ಎಣಿಸತೊಡಗಿದರು. ಏಳು ಬಂದಾಗ “ಸೀವ್” ಅಂದರು. ಕ್ಯಾಪ್ಟನ್ ಕೂಡ ದನಿಗೂಡಿಸಿ “ಸೀವ್” ಅಂದರು. ಟೀವೆ, ಏನೋ ಟೀವೆ, ಟೂವೋ ಟೀವೆ. ಇಬ್ಬರು ಮುದುಕರು ಮಗ್ಗಿ ಹೇಳುವ ಹಾಗೆ ಮೂವತ್ತರವರೆಗೆ ಹೋದರು.

ನಾನು ನೋಟ್‌ಬುಕ್ ತೆಗೆದು, ಶೂ ಎಂದು ಬರೆದಿದ್ದ ಸಾಲಿನ ಮೇಲೆ ಬೆರಳಿಟ್ಟೆ.

ಕ್ಯಾಪ್ಟನ್ ಹೇಳಿದ್ದು ಇಷ್ಟು: ತಾವೆಲ್ಲ ಹುಡುಗರಾಗಿದ್ದಾಗ ಒಂದು ಲೆಕ್ಕ ಇತ್ತು, ಐದು-ಮತ್ತೆ-ಇಪ್ಪತ್ತು ಎಂಬ ಹಾಗೆ. ಟೆಲಿಫೋನ್ ನಂಬರು ಹೇಳುವಾಗ ಎಲ್ಲ ಹಿಂದುಮುಂದಾಗುತ್ತದೆಂದು ಸರ್ಕಾರ ಅದನ್ನು ಬದಲಾಯಿಸಿತು, ಇಪ್ಪತ್ತೈದು ಎನ್ನಿ ಅಂದಿತು. ಏಳಕ್ಕೂ ಸೀವ್ ಬೇಡ ಶೂ ಎನ್ನಿ ಅಂದಿತು. ಶಾಲೆಯ ಮಕ್ಕಳು ಕಲಿತರು, ದೊಡ್ಡವರು ತಮ್ಮದನ್ನು ಬಿಡಲಿಲ್ಲ. ಆರ್ನೆ ಆಮೇಲೆ ಹುಟ್ಟಿದವನು.

ಹಾಗಾದರೆ ಯಾವುದು ಸರಿ ಎಂದು ಕೇಳಿದೆ.

“ಎರಡೂ,” ಅಂದರು ಕ್ಯಾಪ್ಟನ್. “ನಮ್ಮ ಮನೆಯಲ್ಲಿ ಊಟದ ಮೇಜಿನ ಮೇಲೆ ಇಪ್ಪತ್ತು ವರ್ಷದಿಂದ ಇದೇ ಜಗಳ.”

ಇಪ್ಪತ್ತು ಅನ್ನುವುದಕ್ಕೆ ಮನಸ್ಸಿನಲ್ಲಿ ಯಾವುದನ್ನು ಹೇಳಿಕೊಂಡರೋ ತಿಳಿಯದು. ನಾನು ನಗುವ ಸ್ಥಿತಿಯಲ್ಲಿರಲಿಲ್ಲ. ಅಳತೆ ಎಣಿಕೆ ಮಾಡಿಯೇ ಜೀವಮಾನ ಕಳೆದ ಒಬ್ಬ ಬಡಗಿಗೆ ಲೆಕ್ಕ ಬರುವುದಿಲ್ಲವೆಂದು ನಾನು ದೂರು ಕೊಟ್ಟಿದ್ದೆ. ಅವರ ಬಳಿ ಉಳಿದಿದ್ದದ್ದು ಅದೊಂದೇ ಆಗಿತ್ತು.

ಚೀಫ್ ಕೋಣೆಯ ಮುಂದೆ ಎಷ್ಟು ಹೊತ್ತು ನಿಂತಿದ್ದೆನೋ ನೆನಪಿಲ್ಲ. ಒಳಗೆ ಹೋಗಿ, ಸಾರ್, ತಪ್ಪು ರೋಗಿಯದಲ್ಲ, ನನ್ನದು ಅಂದೆ. ಅವರು ಪೆನ್ನು ಕೆಳಗಿಟ್ಟು ಪೂರ್ತಿ ಕೇಳಿದರು. ಎರಡು ಥರವೂ ಎಣಿಸಿ ತೋರಿಸು ಅಂದರು. ನಾನು ಎಣಿಸಿದೆ, ಎರಡೂ ಕಲಸಿಹೋಯಿತು. ಚೀಫ್ ಎದ್ದು ವಾರ್ಡಿಗೆ ಬಂದು, ಹಾಲ್ವರ್ ಮುಂದೆ ಏಳು ಬೆರಳು ಹಿಡಿದರು. “ಸೀವ್,” ಅಂದರು ಹಾಲ್ವರ್. ಮೂರು ಹಿಡಿದರು, “ತ್ರೇ.” ಒಂಬತ್ತು ಹಿಡಿದರು, “ನೀ.” ಚೀಫ್ ಕೇಸ್ ಶೀಟಿನ ಆ ಮಾತನ್ನು ಹೊಡೆದುಹಾಕಿದರು. ಆಮೇಲೆ ನರ್ಸನ್ನು ಕರೆಯದೆ ತಾವೇ ಬಗ್ಗಿ ಕೈಕಟ್ಟು ಬಿಚ್ಚಿದರು. ಗಂಟು ಬಿಗಿಯಾಗಿತ್ತು, ಸ್ವಲ್ಪ ಹೊತ್ತು ಹಿಡಿಯಿತು.

ಮರುದಿನ ನಾನು ಹಳೆಯ ಲೆಕ್ಕದಲ್ಲಿ ಶುರುಮಾಡಿದೆ. ಕ್ಷಮಿಸಿ ಅನ್ನುವುದಕ್ಕೆ ನನಗೆ ಆ ಭಾಷೆಯಲ್ಲಿ ಬೇರೆ ಮಾತು ಬರುತ್ತಿರಲಿಲ್ಲ. ಏಳಕ್ಕೆ “ಸೀವ್” ಅಂದಾಗ ಹಾಲ್ವರ್ ಗೋಡೆಯಿಂದ ಈಚೆ ತಿರುಗಿದರು. ಇಪ್ಪತ್ತರ ಮೇಲೆ ನಾನು ತ್ರೇವೋ ಟೀವೆ ಆದ ಮೇಲೆ ಅಭ್ಯಾಸಬಲದಿಂದ ಶ್ಯೂಎ-ಫೀರೆ ಅಂದುಬಿಟ್ಟೆ. ಅವರು ತಮ್ಮ ಎಡಗೈ ಬೆರಳನ್ನು, ನಾನು ಆಡಿಸುತ್ತಿದ್ದ ಹಾಗೆಯೇ, ನನ್ನ ಮುಂದೆ ಆಡಿಸಿದರು. ಬಾಯಿಯ ಒಂದೇ ಪಕ್ಕ ನಗುತ್ತಿತ್ತು.

ಆಮೇಲೆ ಒಂದೂವರೆ ತಿಂಗಳು ಅವರು ನಮ್ಮಲ್ಲಿದ್ದರು. ಎದ್ದು ಕೂತರು, ಕಂಬಿ ಹಿಡಿದು ನಿಂತರು, ಕೋಲು ಹಿಡಿದು ನಡೆದರು. ಎರಡು ಮೂರು ಮಾತುಗಳೂ ಬಂದವು. ಅದರಲ್ಲೊಂದು ಕನ್ನಿಯಮ್ಮನ ಹೆಸರು. ನನ್ನ ಹೆಸರು ಬರಲಿಲ್ಲ, ನಾಲಿಗೆಗೆ ಕಷ್ಟವಿದ್ದಿರಬೇಕು.

ಹೊರಡುವ ದಿನ ಜೊತೆಗೆ ಹೋಗಲು ಒಬ್ಬ ನರ್ಸು ಸಿದ್ಧಳಾಗಿದ್ದಳು. ಗೇಟಿನ ಹತ್ತಿರ ಆಂಬುಲೆನ್ಸ್ ನಿಂತಿತ್ತು. ಗಾಲಿಕುರ್ಚಿ ಬೇಡವೆಂದು ಹಾಲ್ವರ್ ಕೈಯಾಡಿಸಿದರು. ನಾನು ಬಲಗಡೆ ಹಿಡಿದುಕೊಂಡೆ. ಚೀಫ್ ಮೆಟ್ಟಿಲ ಮೇಲೆ ನಿಂತು ನೋಡುತ್ತಿದ್ದರು. ಇಬ್ಬರೂ ಗಟ್ಟಿಯಾಗಿ ಎಣಿಸುತ್ತ ಹೆಜ್ಜೆ ಹಾಕಿದೆವು. ಆರು ಮುಗಿಯಿತು. ಏಳನೆಯ ಹೆಜ್ಜೆಗೆ ನಾನು “ಸೀವ್” ಅಂದೆ. ಅದೇ ಗಳಿಗೆಗೆ ಅವರು ನನ್ನ ಕಡೆ ಬಗ್ಗಿ ನೋಡಿ “ಶೂ” ಅಂದರು.

ಮುಂದಕ್ಕೆ ಹೋದರೆ, ಇಪ್ಪತ್ತೊಂದಕ್ಕೆ ನಾನು ಅವರ ಥರ ಹೇಳಿದೆ, ಅವರು ನನ್ನ ಥರ ಹೇಳಿದರು. ಇಪ್ಪತ್ತೆರಡಕ್ಕೆ ನಾನು ನನ್ನ ಥರಕ್ಕೆ ಬಂದೆ, ಅವರು ಅವರ ಥರಕ್ಕೆ ಹೋದರು. ಆಮೇಲೆ ಯಾರು ಎಲ್ಲಿದ್ದೇವೆಂದು ಇಬ್ಬರಿಗೂ ತಿಳಿಯಲಿಲ್ಲ. ಹಾಗೇ ನಡೆಯುತ್ತ ಆಂಬುಲೆನ್ಸ್ ತಲುಪಿದೆವು. ಅವರು ಎಡಗೈಯಿಂದ ನನ್ನ ತಲೆ ಮುಟ್ಟಿ ಹತ್ತಿಕೊಂಡರು. ಬಾಗಿಲು ಮುಚ್ಚಿತು, ಗಾಡಿ ಹೊರಟಿತು.

ಚೀಫ್ ಕಾಗದ ಪೆನ್ನು ಹಿಡಿದುಕೊಂಡು ಹತ್ತಿರ ಬಂದರು. ಅವರ ದಾಖಲೆಗೆ ಬೇಕಾಗಿತ್ತು.

“ಎಷ್ಟು ಹೆಜ್ಜೆ ನಡೆದ?”

“ಗೊತ್ತಿಲ್ಲ ಸಾರ್.”

“ಎಣಿಸ್ತಾ ಇದ್ದೆಯಲ್ಲ?”

“ಇಬ್ಬರೂ ಎಣಿಸ್ತಾ ಇದ್ವಿ ಸಾರ್,” ಅಂದೆ.